ಹೆಸರೂ ನಿಮ್ಮದು, ಖರ್ಚೂ ನಿಮ್ಮದೇ

ಪತ್ರಿಕೋದ್ಯಮವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡ ಪದವಿ ವಿದ್ಯಾರ್ಥಿಗಳನ್ನು 'ಮುಂದೇನು ಮಾಡಬೇಕೆಂದಿದ್ದೀರಿ?' ಎಂದು ಕೇಳಿ ನೋಡಿ. ಹೆಚ್ಚಿನವರು ಟಿ.ವಿ. ಎನ್ನುತ್ತಾರೆ, ಕೆಲವರು ಪತ್ರಿಕೆ ಎನ್ನುತ್ತಾರೆ, ಜಾಣರು 'ಮೊದಲು ಎಲ್ಲಾದರೂ ಕೆಲಸ ಸಿಗಲಿ ಸಾರ್' ಎನ್ನುತ್ತಾರೆ. ತರಗತಿಗೆ ಒಬ್ಬರೋ ಇಬ್ಬರೋ ಮಾತ್ರ ಸ್ವಲ್ಪ ಸಂಕೋಚದಿಂದ, 'ಬೇರೆ ದೇಶಗಳಿಗೆ ಹೋಗಿ ವರದಿ ಮಾಡಬೇಕು, ಅದೂ ಯಾರ ಕೈಕೆಳಗೂ ಅಲ್ಲ, ಸ್ವತಂತ್ರವಾಗಿ' ಎಂದು ಹೇಳುತ್ತಾರೆ. ಈ ಮಾತು ಮನೆಯಲ್ಲಿ ಹೊರಬಿದ್ದ ದಿನ ಎರಡು ಪ್ರಶ್ನೆಗಳು ಏಳುತ್ತವೆ. ಅಪ್ಪ ಕೇಳುವುದು: 'ಅದಕ್ಕೆ ತಿಂಗಳಿಗೆ ಎಷ್ಟು ಕೊಡುತ್ತಾರೆ?' ಅಮ್ಮ ಕೇಳುವುದು: 'ಅಲ್ಲಿ ಗುಂಡು ಹಾರುತ್ತಲ್ಲೋ, ಏನಾದರೂ ಆದರೆ ಯಾರು ನೋಡುತ್ತಾರೆ?'

ಎರಡೂ ನ್ಯಾಯವಾದ ಪ್ರಶ್ನೆಗಳೇ. ಈ ವೃತ್ತಿಯಲ್ಲಿ ಪಳಗಿದವರೂ ಕೊನೆಗೆ ಇವೇ ಎರಡು ಪ್ರಶ್ನೆಗಳ ಮುಂದೆ ನಿಲ್ಲುತ್ತಾರೆ. ಉತ್ತರಗಳನ್ನು ಸಿನಿಮಾದಲ್ಲಿ ಹುಡುಕುವುದಕ್ಕಿಂತ, ಈ ಕೆಲಸ ಮಾಡಿದವರ ಬದುಕಿನಲ್ಲಿ ಹುಡುಕುವುದು ಒಳ್ಳೆಯದು.

'ಹವ್ಯಾಸಿ' ಎಂಬ ತಪ್ಪು ಹೆಸರು

ಕನ್ನಡದಲ್ಲಿ ನಾವು ಫ್ರೀಲಾನ್ಸ್ ಪತ್ರಕರ್ತನನ್ನು 'ಹವ್ಯಾಸಿ ಪತ್ರಕರ್ತ' ಎಂದು ಕರೆಯುವ ರೂಢಿಯಿದೆ. ಅಂಚೆಚೀಟಿ ಸಂಗ್ರಹಿಸುವುದು ಹವ್ಯಾಸ, ಭಾನುವಾರ ಗಾಳ ಹಾಕುವುದು ಹವ್ಯಾಸ. ಬರೆದ ಲೇಖನಕ್ಕೆ ಹಣ ಬಂದರೆ ಮಾತ್ರ ಮನೆಯಲ್ಲಿ ಒಲೆ ಉರಿಯುವುದು ಎಂಬ ಸ್ಥಿತಿಯಲ್ಲಿರುವವನನ್ನು ಹವ್ಯಾಸಿ ಎನ್ನುವುದು ಹೇಗೆ? 'ಸ್ವತಂತ್ರ ಪತ್ರಕರ್ತ' ಎಂಬ ಹೆಸರೇ ಸರಿ.

ಇಂಗ್ಲಿಷಿನ ಪದಕ್ಕೂ ಒಂದು ಕಥೆಯಿದೆ. ಸರ್ ವಾಲ್ಟರ್ ಸ್ಕಾಟ್ 1819ರ ಕೊನೆಯಲ್ಲಿ ಹೊರತಂದ 'ಐವನ್‌ಹೋ' ಕಾದಂಬರಿಯಲ್ಲಿ, ಯಾವ ಒಬ್ಬ ದೊರೆಗೂ ನಿಷ್ಠೆ ತೊಡದೆ ಹಣ ಕೊಟ್ಟವರ ಪರವಾಗಿ ಕಾದುವ ಈಟಿಯಾಳುಗಳಿಗೆ ಈ ಹೆಸರು ಬಂದಿದೆ. ಈಟಿ ನನ್ನದು, ಕುದುರೆ ನನ್ನದು, ಯಾರಿಗೆ ದುಡಿಯಬೇಕೆಂಬ ತೀರ್ಮಾನ ನನ್ನದು. ಪತ್ರಕರ್ತನಿಗೆ ಈಟಿಯ ಬದಲು ಪೆನ್ನೋ ಕ್ಯಾಮೆರಾವೋ ಬಂತು, ಅಷ್ಟೇ ವ್ಯತ್ಯಾಸ. ಕುದುರೆಗೆ ಹುಲ್ಲು ಹಾಕುವ ಜವಾಬ್ದಾರಿಯೂ ಅವನ ಮೇಲೇ ಇದೆ ಎಂಬುದನ್ನು ಮಾತ್ರ ಮರೆಯಬಾರದು.

ಇದೇ ಕುಲದ ಇನ್ನೊಂದು ಪದ 'ಸ್ಟ್ರಿಂಗರ್'. ಅಚ್ಚಾದ ಸುದ್ದಿಯ ಉದ್ದವನ್ನು ದಾರದಿಂದ ಅಳೆದು, ಆ ಲೆಕ್ಕದಲ್ಲಿ ಹಣ ಕೊಡುತ್ತಿದ್ದುದರಿಂದ ಈ ಹೆಸರು ಬಂತೆಂದು ಪತ್ರಿಕಾಲಯಗಳಲ್ಲಿ ಹೇಳುತ್ತಾರೆ. ನಮ್ಮ ತಾಲ್ಲೂಕು ಕೇಂದ್ರಗಳ ಬಾತ್ಮೀದಾರರಿಗೆ ಈ ಲೆಕ್ಕ ಹೊಸದೇನಲ್ಲ. ಬೈರೂತಿನಿಂದಲೋ ನೈರೋಬಿಯಿಂದಲೋ ಬರೆಯುವ ಸ್ವತಂತ್ರ ವರದಿಗಾರನೂ ಹಣದ ವಿಷಯದಲ್ಲಿ ಅವರ ದಾಯಾದಿಯೇ.

ಒಂದೇ ಕಡೆಯ ಟಿಕೆಟ್

1966ರಲ್ಲಿ ಕ್ಯಾಥರಿನ್ ಲೆರಾಯ್ ಎಂಬ ಫ್ರೆಂಚ್ ಯುವತಿ ವಿಯೆಟ್ನಾಂನ ಸೈಗಾನಿಗೆ ಹೊರಟಳು. ವಯಸ್ಸು 21. ಎತ್ತರ ಐದು ಅಡಿ, ತೂಕ ನಲವತ್ತು ಕೆ.ಜಿ.ಗೂ ಕಡಿಮೆ. ಕೈಯಲ್ಲಿ ಒಂದು ಲೈಕಾ ಕ್ಯಾಮೆರಾ, ಸ್ವಲ್ಪ ಹಣ, ಹಿಂದಿರುಗುವ ಟಿಕೆಟ್ ಇಲ್ಲ. ಯಾವ ಪತ್ರಿಕೆಯೂ ಆಕೆಯನ್ನು ಕಳುಹಿಸಿರಲಿಲ್ಲ. ಇಂಗ್ಲಿಷ್ ಕೂಡ ಅಷ್ಟಕ್ಕಷ್ಟೆ. ಸೈಗಾನಿನಲ್ಲಿ ಅಸೋಸಿಯೇಟೆಡ್ ಪ್ರೆಸ್ (ಎಪಿ) ಸಂಸ್ಥೆಯ ಛಾಯಾಚಿತ್ರ ವಿಭಾಗ ನೋಡಿಕೊಳ್ಳುತ್ತಿದ್ದ ಹಾರ್ಸ್ಟ್ ಫಾಸ್ ಆಕೆಯ ಕೈಗೆ ಕೆಲವು ಫಿಲ್ಮ್ ರೋಲ್‌ಗಳನ್ನು ಕೊಟ್ಟು, ಬಳಸಿಕೊಂಡ ಒಂದೊಂದು ಚಿತ್ರಕ್ಕೆ 15 ಡಾಲರ್ ಎಂದು ಹೇಳಿ ಕಳುಹಿಸಿದರು. ಚಿತ್ರ ಬಳಕೆಯಾಗದಿದ್ದರೆ ಆ ದಿನದ ಗಳಿಕೆ ಸೊನ್ನೆ.

ಆಕೆ ಸೈನಿಕರ ಜೊತೆ ಕಾಡುಮೇಡು ಅಲೆದಳು. ಫ್ರಾನ್ಸಿನಲ್ಲಿ ಪ್ಯಾರಾಚೂಟ್ ಹಾರಾಟ ಕಲಿತಿದ್ದು ಇಲ್ಲಿ ಉಪಯೋಗಕ್ಕೆ ಬಂತು. 1967ರ ಫೆಬ್ರವರಿಯಲ್ಲಿ ಅಮೆರಿಕದ ಸೈನಿಕರೊಡನೆ ವಿಮಾನದಿಂದ ಜಿಗಿದು, ಕೆಳಗಿಳಿಯುತ್ತಲೇ ಚಿತ್ರ ತೆಗೆದಳು. ಅದೇ ವರ್ಷ ಮಾರ್ಟರ್ ಚೂರುಗಳಿಂದ ತೀವ್ರವಾಗಿ ಗಾಯಗೊಂಡಳು. ಮರುವರ್ಷ ಹ್ಯೂ ನಗರದಲ್ಲಿ ಉತ್ತರ ವಿಯೆಟ್ನಾಂ ಸೈನಿಕರ ಕೈಗೆ ಸಿಕ್ಕಿಬಿದ್ದಾಗ, ತಾನು ಫ್ರೆಂಚ್ ಪತ್ರಕರ್ತೆ ಎಂದು ಅವರನ್ನು ಒಪ್ಪಿಸಿ ಬಿಡುಗಡೆ ಪಡೆದದ್ದಷ್ಟೇ ಅಲ್ಲ, ಅವರ ಚಿತ್ರಗಳನ್ನೂ ತೆಗೆದುಕೊಂಡು ಬಂದಳು! ಅಮೆರಿಕದ ಓದುಗರು 'ಶತ್ರು' ಎಂದಷ್ಟೇ ಕೇಳಿದ್ದವರ ಮುಖ ಆ ಫೆಬ್ರವರಿಯ 'ಲೈಫ್' ಪತ್ರಿಕೆಯ ಮುಖಪುಟಕ್ಕೆ ಬಂದದ್ದು ಹಾಗೆ. 1976ರಲ್ಲಿ, ಲೆಬನಾನಿನ ಅಂತರ್ಯುದ್ಧದ ಚಿತ್ರಗಳಿಗಾಗಿ, ಆಕೆಗೆ ರಾಬರ್ಟ್ ಕಾಪಾ ಚಿನ್ನದ ಪದಕ ದೊರೆಯಿತು. ಆ ಪದಕ ಪಡೆದ ಮೊದಲ ಮಹಿಳೆ ಆಕೆಯೇ.

ಕಥೆ ಇಲ್ಲಿಗೆ ನಿಲ್ಲಿಸಿದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ವಿದ್ಯಾರ್ಥಿಗಳು ಮುಂದಿನದನ್ನೂ ತಿಳಿಯಬೇಕು. ಕೊನೆಯ ವರ್ಷಗಳಲ್ಲಿ ಲೆರಾಯ್ ಅಮೆರಿಕದಲ್ಲಿ ನೆಲೆಸಿ, ಹಳೆಯ ಕಾಲದ ಬೆಲೆಬಾಳುವ ಉಡುಪುಗಳನ್ನು ಇಂಟರ್‌ನೆಟ್ ಮೂಲಕ ಮಾರುವ ವ್ಯಾಪಾರ ನಡೆಸಿದರು. 2006ರಲ್ಲಿ, 61ನೇ ವಯಸ್ಸಿನಲ್ಲಿ ತೀರಿಕೊಂಡರು. ಸ್ವತಂತ್ರ ಪತ್ರಕರ್ತರಿಗೆ ಪದಕ ಬರಬಹುದು, ಪಿಂಚಣಿ ಬರುವುದಿಲ್ಲ.

ಸುದ್ದಿ ಮಾರುವ ಬಗೆ

ಈ ಕೆಲಸ ನಡೆಯುವುದು ಹೇಗೆ? ಮೊದಲ ಹೆಜ್ಜೆ 'ಪಿಚ್'. ಸಂಪಾದಕರಿಗೆ ಬರೆಯುವ ಒಂದು ಪುಟದ ಪ್ರಸ್ತಾವ ಎನ್ನಬಹುದು. ಏನು ಬರೆಯುತ್ತೇನೆ, ಈಗಲೇ ಯಾಕೆ, ಯಾರನ್ನು ಕಾಣುತ್ತೇನೆ, ನಾನೇ ಯಾಕೆ ಬರೆಯಬೇಕು, ಎಷ್ಟು ಪದ, ಯಾವ ದಿನಕ್ಕೆ ಎಂಬುದಷ್ಟೂ ಅದರಲ್ಲಿರಬೇಕು. 'ವಿಯೆಟ್ನಾಂಗೆ ಹೋಗುತ್ತಿದ್ದೇನೆ, ಏನಾದರೂ ಬರೆಯಲೇ?' ಎಂದು ಕೇಳಿದರೆ ಉತ್ತರ ಬರುವುದಿಲ್ಲ. 'ವಿಯೆಟ್ನಾಂನ ಡಾಕ್ ಲಾಕ್ ಪ್ರಾಂತ್ಯದಲ್ಲಿ ಬರದಿಂದ ರೋಬಸ್ಟಾ ಬೆಳೆಗಾರರು ಕಾಫಿ ಕಿತ್ತು ಬೇರೆ ಬೆಳೆ ಹಾಕುತ್ತಿದ್ದಾರೆಯೇ? ಅದರಿಂದ ಕೊಡಗಿನ ಬೆಳೆಗಾರನಿಗೆ ಲಾಭವೋ ನಷ್ಟವೋ?' ಎಂದು ಬರೆದರೆ ಸಂಪಾದಕರು ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದುತ್ತಾರೆ. ಊರಿನ ಹೆಸರು ವಿಷಯವಾಗುವುದಿಲ್ಲ, ಊರಿನಲ್ಲಿರುವ ಪ್ರಶ್ನೆ ವಿಷಯವಾಗುತ್ತದೆ.

ಸಂಪಾದಕರು ಒಪ್ಪಿದರೆ ಅದನ್ನು ಬರಹದಲ್ಲಿ ಪಡೆಯಬೇಕು. ಸಂಭಾವನೆ ಎಷ್ಟು, ಪ್ರಯಾಣದ ಖರ್ಚು ಯಾರದು, ಲೇಖನದ ಹಕ್ಕು ಯಾರ ಬಳಿ ಉಳಿಯುತ್ತದೆ, ಹಣ ಯಾವಾಗ ಕೈಸೇರುತ್ತದೆ ಎಂಬ ನಾಲ್ಕು ಸಂಗತಿ ಸ್ಪಷ್ಟವಾಗಬೇಕು. ಬರೆಸಿಕೊಂಡು ಆಮೇಲೆ ಬೇಡವೆಂದರೆ ಕೊಡುವ ಭಾಗಶಃ ಪರಿಹಾರಕ್ಕೆ 'ಕಿಲ್ ಫೀ' ಎನ್ನುತ್ತಾರೆ. ಅದು ಒಪ್ಪಂದದಲ್ಲಿದ್ದರೆ ಮಾತ್ರ ಸಿಗುತ್ತದೆ. 'ಬರೆದು ಕಳುಹಿಸಿ, ನೋಡೋಣ' ಎಂಬ ಉತ್ತರ ಒಪ್ಪಿಗೆಯಾಗುವುದಿಲ್ಲ. ಆ ಮಾತನ್ನು ನಂಬಿ ವಿಮಾನ ಹತ್ತಬಾರದು.

ಸಂಪಾದಕರ ಪತ್ರಕ್ಕೆ ಇನ್ನೊಂದು ಬೆಲೆಯೂ ಇದೆ. 1937ರಲ್ಲಿ ಅಮೆರಿಕದ ಮಾರ್ಥಾ ಗೆಲ್‌ಹಾರ್ನ್ ಅಂತರ್ಯುದ್ಧ ನಡೆಯುತ್ತಿದ್ದ ಸ್ಪೇನಿಗೆ ಹೋದಾಗ ಆಕೆಯ ಬಳಿ ಇದ್ದದ್ದು ಒಂದು ಚೀಲ, ಸುಮಾರು 50 ಡಾಲರ್ ಹಣ, 'ಕೊಲಿಯರ್ಸ್' ಪತ್ರಿಕೆಯ ಒಂದು ಪತ್ರ. ಆ ಪತ್ರ ಅಧಿಕಾರಿಗಳಿಗೆ ತೋರಿಸಲೆಂದು ಕೊಟ್ಟದ್ದು, ಕೆಲಸದ ಆದೇಶವೇನೂ ಆಗಿರಲಿಲ್ಲ. ಸೇನಾ ವ್ಯೂಹಗಳ ಬಗ್ಗೆ ಬರೆಯುವಷ್ಟು ತನಗೆ ತಿಳಿಯದು ಎಂದುಕೊಂಡ ಆಕೆ, ಶೆಲ್ ದಾಳಿಯ ನಡುವೆ ಮ್ಯಾಡ್ರಿಡ್‌ನ ಜನ ದಿನ ದೂಡುವ ಬಗೆಯನ್ನು ಬರೆದರು. ಪತ್ರಿಕೆ ಪ್ರಕಟಿಸಿತು. ಸುದ್ದಿಸಂಸ್ಥೆಯ ವರದಿಗಾರರು ಯುದ್ಧದ ಏಳುಬೀಳುಗಳನ್ನು ಕಳುಹಿಸುತ್ತಲೇ ಇರುತ್ತಾರೆ. ಸ್ವತಂತ್ರ ಪತ್ರಕರ್ತನಿಗೆ ಉಳಿಯುವ ಜಾಗ ಅವರು ತಿರುಗಿ ನೋಡಲು ಪುರಸತ್ತಿಲ್ಲದ ಓಣಿ.

ಕೆಲವೊಮ್ಮೆ ಆ ಓಣಿಯಲ್ಲೇ ದೊಡ್ಡ ಸುದ್ದಿ ಕುಳಿತಿರುತ್ತದೆ. 1968ರ ಮಾರ್ಚ್‌ನಲ್ಲಿ ವಿಯೆಟ್ನಾಂನ ಮೈ ಲಾಯ್ ಹಳ್ಳಿಯಲ್ಲಿ ಅಮೆರಿಕದ ಸೈನಿಕರು ನಡೆಸಿದ ಹತ್ಯಾಕಾಂಡವನ್ನು 1969ರ ನವೆಂಬರಿನಲ್ಲಿ ಹೊರಗೆಳೆದ ಸೀಮರ್ ಹರ್ಶ್ ಆಗ ಯಾವ ಪತ್ರಿಕೆಯ ನೌಕರರೂ ಆಗಿರಲಿಲ್ಲ. ತನಿಖಾ ಪತ್ರಿಕೋದ್ಯಮ ನಿಧಿಯೊಂದರ ಸಣ್ಣ ನೆರವಿನಿಂದ ಅಮೆರಿಕದಲ್ಲೇ ಓಡಾಡಿ ಆರೋಪಿ ಅಧಿಕಾರಿಯನ್ನು ಪತ್ತೆಹಚ್ಚಿದರು. 'ಲೈಫ್' ಮತ್ತು 'ಲುಕ್' ಪತ್ರಿಕೆಗಳು ಬೇಡವೆಂದವು. ಕೊನೆಗೆ ಒಂದು ಪುಟ್ಟ ಸುದ್ದಿಸಂಸ್ಥೆಯ ಮೂಲಕ ಮಾರಿದಾಗ ಮೂವತ್ತಕ್ಕೂ ಹೆಚ್ಚು ಪತ್ರಿಕೆಗಳು ಕೊಂಡವು. ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು.

ಅಪ್ಪನ ಪ್ರಶ್ನೆ: ಲೆಕ್ಕ ಸರಿಹೋಗುತ್ತದೆಯೇ?

ಒಂದು ಹಾಳೆ ತೆಗೆದುಕೊಂಡು ಕೂಡಿಸೋಣ. ಇವು ಲೆಕ್ಕ ಕಲಿಯಲು ಹಾಕಿಕೊಂಡ ಅಂಕಿಗಳು, ದೇಶಕ್ಕೆ ತಕ್ಕಂತೆ ಏರುಪೇರಾಗುತ್ತವೆ. ಹತ್ತು ದಿನದ ಪ್ರವಾಸಕ್ಕೆ ವಿಮಾನ 40,000 ರೂಪಾಯಿ, ವೀಸಾ ಮತ್ತು ವಿಮೆ 10,000, ವಸತಿ ಊಟ ದಿನಕ್ಕೆ 3,500ರಂತೆ 35,000, ದುಭಾಷಿಗೆ ದಿನಕ್ಕೆ 4,000ದಂತೆ 40,000, ಒಳನಾಡಿನ ಓಡಾಟಕ್ಕೆ 15,000. ಒಟ್ಟು 1,40,000. ಮೂರು ಲೇಖನ ಬರೆದು ಒಂದೊಂದಕ್ಕೆ 25,000 ಸಿಕ್ಕಿದರೂ ಬಂದದ್ದು 75,000. ಇನ್ನು 65,000 ಕೈಯಿಂದಲೇ ಹೋಯಿತು. ತಿಂಗಳ ದುಡಿಮೆಗೆ ಕೂಲಿ ಇನ್ನೂ ಹಾಕಿಯೇ ಇಲ್ಲ!

ಇದು ಹೊಸಬರ ಕಷ್ಟ ಮಾತ್ರವಲ್ಲ. ಸಿರಿಯಾದ ಯುದ್ಧವನ್ನು ವರದಿ ಮಾಡುತ್ತಿದ್ದ ಇಟಲಿಯ ಸ್ವತಂತ್ರ ಪತ್ರಕರ್ತೆ ಫ್ರಾಂಚೆಸ್ಕಾ ಬೊರ್ರಿ, ತಮಗೆ ಒಂದು ವರದಿಗೆ ಸಿಗುವುದು 70 ಡಾಲರ್ ಎಂದು 2013ರಲ್ಲಿ ಬರೆದಾಗ ಪತ್ರಿಕಾ ಜಗತ್ತಿನಲ್ಲಿ ದೊಡ್ಡ ಚರ್ಚೆಯೇ ನಡೆಯಿತು.

ಹಾಗಾದರೆ ಬದುಕುವವರು ಬದುಕುವುದು ಹೇಗೆ? ಒಂದು, ಒಂದೇ ಪ್ರವಾಸದಿಂದ ಹಲವು ಕೆಲಸ ತೆಗೆಯುತ್ತಾರೆ. ದಿನಪತ್ರಿಕೆಗೆ ವರದಿ, ವಾರಪತ್ರಿಕೆಗೆ ಲೇಖನ, ರೇಡಿಯೊಗೆ ಧ್ವನಿ, ಮತ್ತೊಬ್ಬರಿಗೆ ಚಿತ್ರ, ಹೀಗೆ. ಇದಕ್ಕಾಗಿಯೇ ಹಕ್ಕುಗಳನ್ನು ಪೂರ್ತಿ ಬರೆದುಕೊಡಬಾರದು ಎನ್ನುವುದು. ಎರಡು, ಅನುದಾನ ಪಡೆಯುತ್ತಾರೆ. 2006ರಲ್ಲಿ ವಾಷಿಂಗ್ಟನ್‌ನಲ್ಲಿ ಆರಂಭವಾದ ಪುಲಿಟ್ಜರ್ ಸೆಂಟರ್‌ನಂಥ ಸಂಸ್ಥೆಗಳು ವಿದೇಶ ವರದಿಗಾರಿಕೆಯ ಪ್ರಯಾಣ ವೆಚ್ಚಕ್ಕೆ ನೆರವು ನೀಡುತ್ತ ಬಂದಿವೆ. (ಪ್ರಶಸ್ತಿ ಕೊಡುವ ಸಂಸ್ಥೆ ಬೇರೆ, ಇದು ಬೇರೆ.) ಮೂರು, ಅನುವಾದ, ಪಾಠ, ಸಂಪಾದನೆಯಂಥ ಇನ್ನೊಂದು ಆದಾಯವನ್ನು ಕೈಬಿಡುವುದಿಲ್ಲ. ಕೃಷಿಯಲ್ಲಿ ಒಂದೇ ಬೆಳೆ ನಂಬಬೇಡ ಎಂದು ಹಿರಿಯರು ಹೇಳುವ ಮಾತು ಇಲ್ಲಿಗೂ ಸಲ್ಲುತ್ತದೆ.

ವೀಸಾ ಎಂಬ ಮೊದಲ ಗಡಿ

ಪ್ರವಾಸಿ ವೀಸಾದ ಮೇಲೆ ಹೋಗಿ ವರದಿ ಮಾಡುವುದು ಅನೇಕ ದೇಶಗಳಲ್ಲಿ ಅಪರಾಧ. ಅಮೆರಿಕದಲ್ಲಿ ವಿದೇಶಿ ಮಾಧ್ಯಮದವರಿಗೆ 'ಐ' ಎಂಬ ಪ್ರತ್ಯೇಕ ವೀಸಾ ಇದೆ. ಎಫ್-1 ವೀಸಾದಲ್ಲಿ ಅಲ್ಲಿ ಓದಲು ಹೋದ ವಿದ್ಯಾರ್ಥಿ ಅನುಮತಿಯಿಲ್ಲದೆ ಕ್ಯಾಂಪಸ್ಸಿನ ಹೊರಗೆ ಸಂಪಾದನೆ ಮಾಡುವಂತಿಲ್ಲ. 'ಓದುತ್ತಲೇ ಅಲ್ಲಿಂದ ಪತ್ರಿಕೆಗಳಿಗೆ ಬರೆದು ದುಡಿಯುತ್ತೇನೆ' ಎನ್ನುವವರು ಮೊದಲು ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ವಿಚಾರಿಸಬೇಕು. ಕೊಲ್ಲಿ ರಾಷ್ಟ್ರಗಳಲ್ಲಿ ಕಾನೂನು ಇನ್ನೂ ಬಿಗಿ.

ಇನ್ನು ಯುದ್ಧಭೂಮಿಯ ಕಾನೂನು. 1949ರ ಜಿನೀವಾ ಒಪ್ಪಂದದ ಪ್ರಕಾರ, ಸೇನೆಯ ಅಧಿಕೃತ ಪರವಾನಗಿ ಪಡೆದು ಅದರ ಜೊತೆ ಹೋಗುವ ಯುದ್ಧ ವರದಿಗಾರ ಸೆರೆಸಿಕ್ಕರೆ ಯುದ್ಧಕೈದಿಯ ಸ್ಥಾನಮಾನ ಪಡೆಯುತ್ತಾನೆ. ಉಳಿದ ಪತ್ರಕರ್ತರು ನಾಗರಿಕರು, ನಾಗರಿಕರಿಗೆ ಸಲ್ಲುವ ರಕ್ಷಣೆ ಅವರಿಗೂ ಸಲ್ಲಬೇಕು ಎಂದು 1977ರ ಹೆಚ್ಚುವರಿ ಪ್ರೋಟೊಕಾಲ್ ಹೇಳುತ್ತದೆ. ಕಾಗದದ ಮೇಲೆ ಇದು ದೊಡ್ಡ ಆಸರೆ. ಬಂದೂಕು ಹಿಡಿದವನು ಆ ಕಾಗದ ಓದಿರಬೇಕಲ್ಲ!

ಅಮ್ಮನ ಪ್ರಶ್ನೆ: ಏನಾದರೂ ಆದರೆ?

ಇಲ್ಲಿ ಮಾತು ಮರೆಸಬಾರದು. ಆಗುತ್ತದೆ, ಆಗಿದೆ.

'ಬೋಸ್ಟನ್ ಗ್ಲೋಬ್' ಪತ್ರಿಕೆ ಖರ್ಚು ತಾಳಲಾರದೆ 2007ರಲ್ಲಿ ತನ್ನ ಉಳಿದ ವಿದೇಶ ಕಚೇರಿಗಳನ್ನೂ ಮುಚ್ಚಿತು. ಬೇರೆ ಪತ್ರಿಕೆಗಳದ್ದೂ ಹೆಚ್ಚುಕಡಿಮೆ ಇದೇ ದಾರಿ. ಕಚೇರಿ ಮುಚ್ಚಿದರೂ ಸುದ್ದಿಯ ಹಸಿವು ಮುಚ್ಚುವುದಿಲ್ಲವಲ್ಲ. ಆ ಜಾಗಕ್ಕೆ ಬಂದವರು ಸ್ವತಂತ್ರ ಪತ್ರಕರ್ತರು. ಅದೇ ಬೋಸ್ಟನ್‌ನಲ್ಲಿ 2009ರಲ್ಲಿ 'ಗ್ಲೋಬಲ್‌ಪೋಸ್ಟ್' ಎಂಬ ಸುದ್ದಿತಾಣ ಆರಂಭವಾಯಿತು, ಅದಕ್ಕೆ ದೇಶದೇಶಗಳ ಸ್ವತಂತ್ರ ವರದಿಗಾರರು ಬರೆದರು. ಅವರಲ್ಲೊಬ್ಬರು ಜೇಮ್ಸ್ ಫೋಲಿ.

ಫೋಲಿ ಮೊದಲು ಶಾಲಾ ಶಿಕ್ಷಕರಾಗಿದ್ದವರು. ಮೂವತ್ತು ದಾಟಿದ ಮೇಲೆ ಪತ್ರಿಕೋದ್ಯಮ ಓದಿ ಈ ಕಡೆ ತಿರುಗಿದರು. 2011ರ ಏಪ್ರಿಲಿನಲ್ಲಿ ಲಿಬಿಯಾದಲ್ಲಿ ಸರ್ಕಾರಿ ಪಡೆಗಳು ಅವರನ್ನೂ ಸಂಗಡಿಗರನ್ನೂ ಹಿಡಿದವು. ಜೊತೆಗಿದ್ದ ದಕ್ಷಿಣ ಆಫ್ರಿಕಾದ ಸ್ವತಂತ್ರ ಛಾಯಾಗ್ರಾಹಕ ಆಂಟನ್ ಹ್ಯಾಮರ್ಲ್ ಆ ದಿನವೇ ಗುಂಡಿಗೆ ಬಲಿಯಾದರು. 44 ದಿನಗಳ ನಂತರ ಫೋಲಿ ಬಿಡುಗಡೆಯಾದರು. ಊರಿಗೆ ಬಂದು ಹ್ಯಾಮರ್ಲ್ ಅವರ ಮಕ್ಕಳಿಗಾಗಿ ನಿಧಿ ಕೂಡಿಸಿದರು. ಆಮೇಲೆ ಸಿರಿಯಾಕ್ಕೆ ಹೋದರು. 2012ರ ನವೆಂಬರ್ 22ರಂದು, ಟರ್ಕಿಯ ಗಡಿಯತ್ತ ಹಿಂದಿರುಗುವ ದಾರಿಯಲ್ಲಿ ಅವರ ಅಪಹರಣವಾಯಿತು. 2014ರ ಆಗಸ್ಟ್‌ನಲ್ಲಿ ಐಸಿಸ್ ಅವರನ್ನು ಕೊಂದಿತು.

ಆ ಸಾವು ಪತ್ರಿಕಾಲಯಗಳ ಮನಸ್ಸನ್ನು ಚುಚ್ಚಿತು. ನಾವು ನಮ್ಮ ಸಿಬ್ಬಂದಿಯನ್ನು ಕಳುಹಿಸಲು ಹೆದರುವ ಜಾಗಕ್ಕೆ ವಿಮೆಯಿಲ್ಲದ, ತರಬೇತಿಯಿಲ್ಲದ ಹುಡುಗರು ಹೋಗುತ್ತಾರೆ, ಅವರು ತಂದ ಚಿತ್ರವನ್ನು ನಾವು ಕೊಳ್ಳುತ್ತೇವೆ, ಇದು ಸರಿಯೇ? ಫ್ರಾನ್ಸಿನ ಎಎಫ್‌ಪಿ ಸುದ್ದಿಸಂಸ್ಥೆ 2014ರ ಸೆಪ್ಟೆಂಬರಿನಲ್ಲಿ, ತಾನು ಕಾಲಿಡದ ಜಾಗಗಳಿಗೆ ಹೋದ ಸ್ವತಂತ್ರ ಪತ್ರಕರ್ತರ ವರದಿಗಳನ್ನು ಸ್ವೀಕರಿಸುವುದಿಲ್ಲ ಎಂದು ಪ್ರಕಟಿಸಿತು. 2015ರ ಫೆಬ್ರವರಿಯಲ್ಲಿ ಹಲವು ಸುದ್ದಿಸಂಸ್ಥೆಗಳೂ ಪತ್ರಕರ್ತರ ಸಂಘಟನೆಗಳೂ ಸೇರಿ ಸುರಕ್ಷತೆಯ ನಿಯಮಗಳನ್ನು ಒಪ್ಪಿಕೊಂಡವು. ಸ್ವತಂತ್ರ ಪತ್ರಕರ್ತನೂ ಪ್ರಥಮ ಚಿಕಿತ್ಸೆ ಕಲಿತಿರಬೇಕು, ವಿಮೆ ಪಡೆದಿರಬೇಕು, ಕೆಲಸ ಕೊಟ್ಟವರು ತಮ್ಮ ನೌಕರರಷ್ಟೇ ಕಾಳಜಿಯಿಂದ ಅವನನ್ನು ನೋಡಬೇಕು, ಹಣ ಬೇಗ ಕೊಡಬೇಕು ಎಂಬುದು ಅದರ ಸಾರ. ನಿಯಮ ಇದ್ದರೂ ಎಲ್ಲರೂ ಪಾಲಿಸುತ್ತಾರೆಂದಲ್ಲ. ಆದರೆ ಕೇಳುವ ಹಕ್ಕಂತೂ ಬಂದಿದೆ. 'ವಿಮೆ ಯಾರು ಮಾಡಿಸುತ್ತೀರಿ?' ಎಂದು ಕೇಳಲು ಈಗ ನಾಚಿಕೆಪಡಬೇಕಿಲ್ಲ.

ಪ್ರಥಮ ಚಿಕಿತ್ಸೆಯ ಮಾತಿಗೊಂದು ಹಿನ್ನೆಲೆಯಿದೆ. 2011ರ ಏಪ್ರಿಲ್ 20ರಂದು ಲಿಬಿಯಾದ ಮಿಸ್ರಾತಾದಲ್ಲಿ ಶೆಲ್ ದಾಳಿಗೆ ಸಿಕ್ಕ ಛಾಯಾಗ್ರಾಹಕ ಟಿಮ್ ಹೆದರಿಂಗ್ಟನ್ ಆಸ್ಪತ್ರೆ ಮುಟ್ಟುವ ಮೊದಲೇ ರಕ್ತಸ್ರಾವದಿಂದ ತೀರಿಕೊಂಡರು. ಜೊತೆಯವರಿಗೆ ರಕ್ತ ತಡೆಯುವ ವಿಧಾನ ಗೊತ್ತಿದ್ದರೆ ಉಳಿಯುತ್ತಿದ್ದರೇನೋ ಎಂಬ ಕೊರಗು ಅವರ ಗೆಳೆಯ, ಲೇಖಕ ಸೆಬಾಸ್ಟಿಯನ್ ಯುಂಗರ್ ಅವರನ್ನು ಬಿಡಲಿಲ್ಲ. ಅದರಿಂದ ಹುಟ್ಟಿದ್ದು ಸ್ವತಂತ್ರ ಪತ್ರಕರ್ತರಿಗೆ ಯುದ್ಧಭೂಮಿಯ ಪ್ರಥಮ ಚಿಕಿತ್ಸೆಯನ್ನು ಉಚಿತವಾಗಿ ಕಲಿಸುವ 'ರಿಸ್ಕ್' ಸಂಸ್ಥೆ. ಅದಕ್ಕೂ ಹಿಂದೆ, 1993ರ ಅಕ್ಟೋಬರಿನಲ್ಲಿ ಮಾಸ್ಕೊದ ಒಸ್ಟಾಂಕಿನೊ ಟಿ.ವಿ. ಕೇಂದ್ರದ ಹೊರಗೆ ಗುಂಡಿಗೆ ಬಲಿಯಾದ ಸ್ವತಂತ್ರ ಕ್ಯಾಮೆರಾಮನ್ ರೋರಿ ಪೆಕ್ ಹೆಸರಿನಲ್ಲಿ ಅವರ ಪತ್ನಿ 1995ರಲ್ಲಿ ಟ್ರಸ್ಟ್ ಸ್ಥಾಪಿಸಿದರು. ಸ್ವತಂತ್ರ ಪತ್ರಕರ್ತರ ಕುಟುಂಬಗಳಿಗೆ ನೆರವಾಗುವುದು ಅದರ ಉದ್ದೇಶ.

ಅಪಾಯ ಇರುವುದು ಯುದ್ಧಭೂಮಿಯಲ್ಲಿ ಮಾತ್ರ ಎಂದೂ ತಿಳಿಯಬಾರದು. ಸ್ವೀಡನ್ನಿನ ಸ್ವತಂತ್ರ ಪತ್ರಕರ್ತೆ ಕಿಮ್ ವಾಲ್ ಹೈಟಿ, ಉಗಾಂಡ, ಶ್ರೀಲಂಕಾಗಳಲ್ಲಿ ಓಡಾಡಿ ವರದಿ ಮಾಡಿದ್ದರು. 2017ರ ಆಗಸ್ಟ್‌ನಲ್ಲಿ ಅವರ ಕೊಲೆಯಾದದ್ದು ಹುಟ್ಟೂರಿಗೆ ಹತ್ತಿರದ ಕೋಪನ್‌ಹೇಗನ್ ಬಳಿ, ಸಂದರ್ಶನಕ್ಕೆಂದು ಹೋದ ವ್ಯಕ್ತಿಯ ಕೈಯಲ್ಲಿ. ಆಕೆಗೆ ಆಗ 30 ವರ್ಷ. ಎಚ್ಚರದ ನಿಯಮಗಳನ್ನು ಕಾಬೂಲಿಗೆ ಹೋಗುವಾಗ ಮಾತ್ರ ಪಾಲಿಸಿದರೆ ಸಾಲದು.

ಹೆಸರು ಬರದ ಜೊತೆಗಾರ

ವಿದೇಶ ವರದಿಯ ಕೆಳಗೆ ಒಬ್ಬರ ಹೆಸರಿರುತ್ತದೆ, ಕೆಲಸ ಇಬ್ಬರದಿರುತ್ತದೆ. ಭಾಷೆ ತಿಳಿಸುವ, ದಾರಿ ತೋರಿಸುವ, ಯಾವ ಓಣಿಗೆ ಯಾವ ಹೊತ್ತಿನಲ್ಲಿ ಹೋಗಬಾರದೆಂದು ಹೇಳುವ ಸ್ಥಳೀಯನಿಗೆ 'ಫಿಕ್ಸರ್' ಎನ್ನುತ್ತಾರೆ. ಅವನೂ ಸಾಮಾನ್ಯವಾಗಿ ಸ್ವತಂತ್ರ ಪತ್ರಕರ್ತನೇ. ಹೊರಗಿನವರು ವಿಮಾನ ಹತ್ತಿ ಹೋಗುತ್ತಾರೆ, ಅವನು ಅಲ್ಲೇ ಉಳಿಯಬೇಕು. 1975ರಲ್ಲಿ ಕಾಂಬೋಡಿಯಾ ಖ್ಮೇರ್ ರೂಜ್ ಕೈಗೆ ಬಿದ್ದಾಗ 'ನ್ಯೂಯಾರ್ಕ್ ಟೈಮ್ಸ್'ನ ಸಿಡ್ನಿ ಶಾನ್‌ಬರ್ಗ್ ಹೊರಬಂದರು, ಅವರ ಸಹಾಯಕ ಡಿತ್ ಪ್ರಾನ್ ಒಳಗೇ ಉಳಿದರು. ನಾಲ್ಕು ವರ್ಷ ಉಪವಾಸ, ಹಿಂಸೆ ಸಹಿಸಿ 1979ರಲ್ಲಿ ಥಾಯ್ಲೆಂಡಿಗೆ ತಪ್ಪಿಸಿಕೊಂಡು ಬಂದರು. 'ದಿ ಕಿಲ್ಲಿಂಗ್ ಫೀಲ್ಡ್ಸ್' ಚಿತ್ರ ನೋಡಿದವರಿಗೆ ಈ ಕಥೆ ಗೊತ್ತು.

2023ರ ಅಕ್ಟೋಬರ್ ನಂತರ ಗಾಜಾದಲ್ಲಿ ನಡೆದದ್ದು ಇದರ ಇನ್ನೊಂದು ಮುಖ. ವಿದೇಶಿ ಪತ್ರಕರ್ತರನ್ನು ಸ್ವತಂತ್ರವಾಗಿ ಒಳಬಿಡದಿದ್ದಾಗ ಜಗತ್ತಿಗೆ ಸುದ್ದಿ ತಲುಪಿಸಿದವರು ಅಲ್ಲಿನ ಪತ್ರಕರ್ತರೇ, ಅವರಲ್ಲಿ ಎಷ್ಟೋ ಮಂದಿ ಸ್ವತಂತ್ರರು. ಪತ್ರಕರ್ತರ ರಕ್ಷಣಾ ಸಮಿತಿ (ಸಿಪಿಜೆ) 1992ರಿಂದ ಇಟ್ಟ ದಾಖಲೆಯಲ್ಲಿ ಪತ್ರಕರ್ತರ ಪಾಲಿಗೆ ಇಷ್ಟು ಮಾರಕವಾದ ಯುದ್ಧ ಇನ್ನೊಂದಿಲ್ಲ. ಬೇರೆ ದೇಶಕ್ಕೆ ಹೋಗುವ ನಮ್ಮ ಹುಡುಗರು ಅಲ್ಲಿನ ಜೊತೆಗಾರನಿಗೆ ಸರಿಯಾದ ಕೂಲಿ ಕೊಡಬೇಕು, ಅವನು ಒಪ್ಪಿದರೆ ಹೆಸರನ್ನೂ ಹಾಕಬೇಕು, ಹೆಸರಿನಿಂದ ಅಪಾಯವಿದ್ದರೆ ಹಾಕಬಾರದು. ಈ ವೃತ್ತಿಯ ನೀತಿಪಾಠದಲ್ಲಿ ಇದು ಮೊದಲನೆಯದು.

ಇದರಿಂದ ನಮಗೇನು?

ದೂರದ ದೇಶದ ಸುದ್ದಿ ನಮ್ಮ ಹುಡುಗರೇ ಯಾಕೆ ಬರೆಯಬೇಕು? 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಸುಮಾರು 1.7 ಲಕ್ಷ ಭಾರತೀಯರನ್ನು ವಿಮಾನಗಳಲ್ಲಿ ಕರೆತರಬೇಕಾಯಿತು. ನಮ್ಮ ಕರಾವಳಿಯ ಮನೆಗಳಿಗೆ ಅದು ವಿದೇಶದ ಸುದ್ದಿಯಾಗಿರಲಿಲ್ಲ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ದಾಳಿಗೆ ಬಲಿಯಾದಾಗಲೂ ಅಷ್ಟೇ. 1975ರ ಜುಲೈನಲ್ಲಿ ಬ್ರೆಜಿಲ್‌ನ ಪರಾನಾದಲ್ಲಿ ಬಿದ್ದ ಹಿಮ ಕಾಫಿ ಗಿಡಗಳನ್ನು ಸುಟ್ಟು ಜಗತ್ತಿನ ಕಾಫಿ ಬೆಲೆ ಏರಿಸಿತು. 2024ರಲ್ಲಿ ರೋಬಸ್ಟಾ ಬೆಲೆ ದಾಖಲೆ ಮುಟ್ಟಿದ್ದಕ್ಕೆ ವಿಯೆಟ್ನಾಂನ ಬರವೂ ಒಂದು ಕಾರಣ. ಈ ಎಲ್ಲ ಕಡೆ ಲಂಡನ್ನಿನ ವರದಿಗಾರ ಕೇಳುವ ಪ್ರಶ್ನೆ ಒಂದು, ಮಡಿಕೇರಿಯ ಹುಡುಗಿ ಕೇಳುವ ಪ್ರಶ್ನೆ ಇನ್ನೊಂದು. ತುಳು, ಬ್ಯಾರಿ, ಕೊಂಕಣಿ, ಮಲಯಾಳ ಬಲ್ಲ ಮಂಗಳೂರಿನ ವಿದ್ಯಾರ್ಥಿಗೆ ಕೊಲ್ಲಿಯ ಕಾರ್ಮಿಕ ಮನಬಿಚ್ಚಿ ಹೇಳುವುದನ್ನು ದೊಡ್ಡ ಸುದ್ದಿಸಂಸ್ಥೆ ದುಭಾಷಿ ಇಟ್ಟುಕೊಂಡೂ ಪಡೆಯುವುದು ಕಷ್ಟ. ಭಾಷೆಯೇ ನಮ್ಮವರ ಬಂಡವಾಳ.

ಎಲ್ಲಿಂದ ಶುರು?

ವಿದ್ಯಾರ್ಥಿಗಳಿಗೆ: ಮೊದಲ ನಾಲ್ಕೈದು ವರ್ಷ ನಿಮ್ಮ ಜಿಲ್ಲೆಯಲ್ಲೇ ದುಡಿಯಿರಿ. ಪೊಲೀಸ್ ಠಾಣೆ, ನ್ಯಾಯಾಲಯ, ಎಪಿಎಂಸಿ ಯಾರ್ಡ್, ಸರ್ಕಾರಿ ಆಸ್ಪತ್ರೆ, ಈ ನಾಲ್ಕನ್ನು ವರದಿ ಮಾಡಲು ಬಂದವರಿಗೆ ಯಾವ ದೇಶದಲ್ಲೂ ದಾರಿ ತಪ್ಪುವುದಿಲ್ಲ. ಒಂದು ವಿಷಯವನ್ನು ಆಳವಾಗಿ ಓದಿ; ಅದು ಕೃಷಿ, ಆರೋಗ್ಯ, ಕಾನೂನು, ಯಾವುದೂ ಆಗಬಹುದು. ಒಂದು ವಿದೇಶಿ ಭಾಷೆ ಕಲಿಯಿರಿ. ಮೊದಲ ಪ್ರವಾಸಕ್ಕೆ ಗುಂಡು ಹಾರದ ದೇಶ ಆರಿಸಿಕೊಳ್ಳಿ. ಹೆಸರು ಮಾಡಲು ಯುದ್ಧವೇ ಬೇಕೆಂದೇನಿಲ್ಲ. ಪ್ರಥಮ ಚಿಕಿತ್ಸೆ ಕಲಿಯಲು ವಿದೇಶಕ್ಕೆ ಹೋಗಬೇಕಿಲ್ಲ, ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್ ನಮ್ಮಲ್ಲೇ ಕಲಿಸುತ್ತವೆ. ಆರು ತಿಂಗಳ ಖರ್ಚು ಕೈಯಲ್ಲಿಲ್ಲದೆ ನೌಕರಿ ಬಿಡಬೇಡಿ.

ತಂದೆತಾಯಿಯರಿಗೆ: 'ಬೇಡ' ಎಂದು ತಡೆದರೆ ಮಕ್ಕಳು ಹೇಳದೇ ಹೋಗುತ್ತಾರೆ. ಈ ಕೆಲಸದಲ್ಲಿ ಹೇಳದೇ ಹೋಗುವುದಕ್ಕಿಂತ ದೊಡ್ಡ ಅಪಾಯ ಇಲ್ಲ. ಮಗನೋ ಮಗಳೋ ಹೊರಟಾಗ ಮನೆಯಲ್ಲಿ ಒಂದು ಕಡತ ಮಾಡಿ. ಪಾಸ್‌ಪೋರ್ಟ್, ವೀಸಾ, ವಿಮೆಯ ನಕಲು, ರಕ್ತದ ಗುಂಪು, ಸಂಪಾದಕರ ಮತ್ತು ಜೊತೆಗಾರನ ಫೋನ್ ಸಂಖ್ಯೆ, ಆ ದೇಶದ ಭಾರತೀಯ ರಾಯಭಾರ ಕಚೇರಿಯ ಸಂಖ್ಯೆ, ದಿನದಿನದ ಪ್ರಯಾಣದ ವಿವರ ಅದರಲ್ಲಿರಲಿ. ದಿನಕ್ಕೆ ಎಷ್ಟು ಹೊತ್ತಿಗೆ ಫೋನ್ ಮಾಡಬೇಕು, ಬಾರದಿದ್ದರೆ ಎಷ್ಟು ಗಂಟೆ ಕಾಯಬೇಕು, ಆಮೇಲೆ ಮೊದಲು ಯಾರಿಗೆ ತಿಳಿಸಬೇಕು ಎಂಬುದನ್ನು ಒಟ್ಟಿಗೆ ಕುಳಿತು ಬರೆದಿಡಿ. ಅಪಾಯದ ಜಾಗಕ್ಕೆ ಹೋಗುವವರಾದರೆ, ಮನೆಯವರಿಗೆ ಮಾತ್ರ ಉತ್ತರ ಗೊತ್ತಿರುವ ಒಂದೆರಡು ಪ್ರಶ್ನೆಗಳನ್ನೂ ಗುರುತುಮಾಡಿಕೊಳ್ಳಿ. ಅಜ್ಜಿಮನೆಯ ಹಸುವಿನ ಹೆಸರಾದರೂ ಸರಿ. ಅಪಹರಣವಾದಾಗ ವ್ಯಕ್ತಿ ಬದುಕಿದ್ದಾನೆಯೇ ಎಂದು ತಿಳಿಯಲು ಇಂಥ ಪ್ರಶ್ನೆಗಳೇ ಬಳಕೆಯಾಗುವುದು.

ಜೇಮ್ಸ್ ಫೋಲಿಯ ತಾಯಿ ಡಯಾನ್ ಫೋಲಿ, ಮಗ ಸತ್ತ ವರ್ಷವೇ ಅವನ ಹೆಸರಿನಲ್ಲಿ ಪ್ರತಿಷ್ಠಾನ ಕಟ್ಟಿದರು. ಅದು ವಿಶ್ವವಿದ್ಯಾಲಯಗಳ ಜೊತೆ ಸೇರಿ ಪತ್ರಿಕೋದ್ಯಮ ವಿದ್ಯಾರ್ಥಿಗಳಿಗೆ ಸುರಕ್ಷತೆಯ ಪಾಠಗಳನ್ನು ರೂಪಿಸಿತು. ಕಿಮ್ ವಾಲ್ ಅವರ ತಂದೆತಾಯಿ ಮಗಳ ಹೆಸರಿನಲ್ಲಿ ನಿಧಿ ಇಟ್ಟು, ಆಕೆಯಂತೆಯೇ ದೇಶ ಸುತ್ತಿ ವರದಿ ಮಾಡಬಯಸುವ ಯುವತಿಯರಿಗೆ ಹಣ ಕೊಡಿಸಿದರು. ಮಕ್ಕಳನ್ನು ಕಳೆದುಕೊಂಡ ಈ ಮೂವರೂ 'ಇನ್ನು ಯಾರೂ ಹೋಗಬೇಡಿ' ಎನ್ನಲಿಲ್ಲ, 'ಸಿದ್ಧರಾಗಿ ಹೋಗಿ' ಎಂದರು. ನಿಮ್ಮ ಮನೆಯಲ್ಲಿ ಈ ಮಾತು ಎದ್ದ ದಿನ, ಜಗಳಕ್ಕೆ ಮೊದಲು ಆ ಕಡತವನ್ನು ತೆರೆಯಿರಿ. ಅದರಲ್ಲಿ ತುಂಬಲಾಗದ ಖಾಲಿ ಜಾಗಗಳು ಎಷ್ಟಿವೆ ಎಂಬುದನ್ನು ನೋಡಿದರೆ, ಹೋಗುವ ಕಾಲ ಬಂದಿದೆಯೋ ಇಲ್ಲವೋ ಎಂಬುದು ಮಕ್ಕಳಿಗೂ ನಿಮಗೂ ಒಟ್ಟಿಗೆ ತಿಳಿಯುತ್ತದೆ.